ಜಟೆ ಬಿಡಿಸುವ ಮೊದಲು ಬುಡ ನೋಡಿ

ಗೋಕರ್ಣದ ಕುಡ್ಲೆ, ಓಂ ಬೀಚುಗಳಲ್ಲಿ ಉಳಿದಿದ್ದಾಗ ಆಸೆಯಿಂದ ಕೂದಲಿಗೆ ಡ್ರೆಡ್‌ಲಾಕ್ಸ್, ಅಂದರೆ ಹಗ್ಗದಂತೆ ಸಿಕ್ಕುಗಟ್ಟಿಸಿದ ಜಟೆ, ಹಾಕಿಸಿಕೊಂಡ ಹುಡುಗ ಹುಡುಗಿಯರು, ನೌಕರಿಯೋ ಮದುವೆಯೋ ಗೊತ್ತಾದಾಗ ಕುಮಟಾದ ನಮ್ಮ ಪಾರ್ಲರಿಗೆ ಬರುತ್ತಾರೆ. ಜೊತೆಗೆ ಬಂದ ಹಿರಿಯರದು ಒಂದೇ ಮಾತು: "ಬೋಳಿಸಿಬಿಡಿ ತಂಗಿ, ಇದು ಬಿಡಿಸುವಂಥದ್ದಲ್ಲ." ಈ ಮಾತನ್ನು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಹಳೆಯದಾದ ಜಟೆಯನ್ನೂ ಬಿಡಿಸಬಹುದು. ಆದರೆ ಎಲ್ಲರ ತಲೆಯೂ ಆ ಎಳೆತವನ್ನು ತಾಳುವುದಿಲ್ಲ.

ಆದ್ದರಿಂದ ಮೊದಲು ಬುಡ ನೋಡಿ. ಒಂದೊಂದು ಜಟೆಯನ್ನೂ ಎತ್ತಿ, ನೆತ್ತಿಗೆ ಅಂಟಿದ ಜಾಗವನ್ನು ಬೆಳಕಿನಲ್ಲಿ ಪರೀಕ್ಷಿಸಿ. ಬುಡ ನೂಲಿನಷ್ಟು ತೆಳುವಾಗಿದ್ದರೆ, ಹಣೆಯಂಚಿನ ಕೂದಲು ಹಿಂದೆ ಸರಿದಿದ್ದರೆ, ಅದು ಭಾರ ಮತ್ತು ಬಿಗಿತದಿಂದ ಆದ ಹಾನಿ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೀಶಿಯಾ ಎನ್ನುತ್ತಾರೆ. ಬೇಗ ಎಳೆತ ನಿಲ್ಲಿಸಿದರೆ ಕೂದಲು ಮರಳಿ ಹುಟ್ಟುತ್ತದೆ. ಬಹುಕಾಲ ಬಿಟ್ಟರೆ ಆ ಜಾಗ ಬೋಳಾಗಿಯೇ ಉಳಿಯಬಹುದು. ಅಂಥ ಜಟೆಯ ಜೊತೆ ಗುದ್ದಾಡಬೇಡಿ, ಕತ್ತರಿಸಿ. ನೆತ್ತಿಯಲ್ಲಿ ಹುಣ್ಣೋ ಕೀವೋ ಕಂಡರೆ ಮೊದಲು ಚರ್ಮವೈದ್ಯರ ಬಳಿ ಹೋಗಿ.

ಬೋಳಿಸುವುದಕ್ಕೂ ಪೂರ್ತಿ ಬಿಡಿಸುವುದಕ್ಕೂ ನಡುವೆ ಇನ್ನೊಂದು ದಾರಿಯಿದೆ, ಅದನ್ನು ಯಾರೂ ಯೋಚಿಸುವುದಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಜಟೆಯ ತುದಿಯೇ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಗಟ್ಟಿ. ಒಂದು ಗೇಣು ಉಳಿಸಿಕೊಂಡು ಕೆಳಗಿನದನ್ನು ಕತ್ತರಿಸಿದರೆ ಕೆಲಸವೂ ನೋವೂ ಬಹಳ ಕಡಿಮೆಯಾಗುತ್ತವೆ.

ಸಮಯದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಒಂದು ಜಟೆಗೇ ಒಂದು ತಾಸು ಹಿಡಿಯುವುದುಂಟು. ಇಡೀ ತಲೆಗೆ ಹಲವು ದಿನ ಬೇಕು, ಎರಡನೆಯ ಜೋಡಿ ಕೈಯೂ ಬೇಕು. ಮದುವೆಯ ಹಿಂದಿನ ವಾರ ದಯವಿಟ್ಟು ಬರಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಅರ್ಧ ಬಿಡಿಸಿದ ಒದ್ದೆ ಜಟೆ ಮುಗ್ಗಲು ವಾಸನೆ ಹಿಡಿಯುತ್ತದೆ. ದೀಪಾವಳಿ ಕಳೆದ ಮೇಲೆ ಬಿಸಿಲು ನೋಡಿಕೊಂಡು ಶುರುಮಾಡಿ.

ಮೇಣ ಹಚ್ಚಿದ್ದರೆ ಮೊದಲು ಬಿಸಿನೀರಿನಲ್ಲಿ ನೆನೆಸಿ ಮೆತ್ತಗಾಗಿಸಬೇಕು. ಆಮೇಲೆ ಜಾರಿಕೆ ಬೇಕು: ಕಂಡಿಷನರ್ ಧಾರಾಳವಾಗಿ ಹಚ್ಚಿ, ಅಥವಾ ದಾಸವಾಳದ ಎಲೆ ಕಿವುಚಿ ತೆಗೆದ ಲೋಳೆಯನ್ನು ಸೋಸಿ ಬಳಸಿ. ತುದಿಯಿಂದ ಶುರುಮಾಡಿ ಅಂಗುಲ ಅಂಗುಲವಾಗಿ ಮೇಲೆ ಬರಬೇಕು. ಗಂಟಿಗೆ ಲೋಹದ ಹಣಿಗೆಯ ಬಾಲವೋ ಕ್ರೋಶಾ ಕಡ್ಡಿಯೋ ಆದೀತು. ಬಿಡಿಸಿದ್ದನ್ನು ಸಡಿಲವಾಗಿ ಹೆಣೆದಿಡಿ. ಉದುರಿದ ಕೂದಲೆಲ್ಲ ಹೊರಬರುವ ತನಕ ಶಾಂಪೂ ಹಾಕಬೇಡಿ, ಬಿಡಿಸಿದ್ದೆಲ್ಲ ಮತ್ತೆ ಸಿಕ್ಕಾಗುತ್ತದೆ.

ಹೊರಬರುವ ಆ ಕೂದಲಿನ ರಾಶಿಯ ಬಗ್ಗೆ ಮೊದಲೇ ಹೇಳಿರಬೇಕು. ಇಲ್ಲವಾದರೆ ನೋಡಿದವರು ಅಳುತ್ತಾರೆ. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ನಿಮ್ಮದು ಹಣಿಗೆಗೆ ಬಂದು ಹೋಗುತ್ತದೆ, ಜಟೆ ಇರುವವರದು ಒಳಗೇ ಸಿಕ್ಕಿಕೊಂಡಿರುತ್ತದೆ. ಲೆಕ್ಕ ಹಾಕಿ: ನಾಲ್ಕು ವರ್ಷದಲ್ಲಿ ಕಡಿಮೆಯೆಂದರೂ 73,000. ಇಡೀ ತಲೆಯ ಮೇಲೆ ಇರುವುದೇ ಸುಮಾರು ಒಂದು ಲಕ್ಷ! ನೆಲದ ಮೇಲಿನ ರಾಶಿಯಲ್ಲಿ ಬಹುಪಾಲು ಎಂದೋ ಉದುರಿದ್ದು. ಉಳಿದ ಕೂದಲು ಕೆಲವು ದಿನ ತೆಳುವಾಗಿ ಕಾಣುತ್ತದೆ, ನೆತ್ತಿ ನೋಯುತ್ತದೆ. ಆಗ ಬಿಗಿಯಾಗಿ ಜಡೆ ಹಾಕಬೇಡಿ, ಬಣ್ಣ ಹಚ್ಚಬೇಡಿ.

ಇನ್ನು ಕೆಲವರು ಆಸೆಪಟ್ಟು ಜಟೆ ಬಿಟ್ಟವರಲ್ಲ. ಬಾಣಂತನದಲ್ಲೋ ದೀರ್ಘ ಕಾಯಿಲೆಯಲ್ಲೋ ತಲೆ ಬಾಚದೆ ಜಡೆಗಟ್ಟಿದ ಹೆಂಗಸರು. ಸವದತ್ತಿ ಎಲ್ಲಮ್ಮನ ಭಕ್ತರಲ್ಲಿ ಜಟೆ ಎಂದರೆ ದೇವಿಯ ಗುರುತು ಎಂಬ ನಂಬಿಕೆ ಇದೆ; ತೆಗೆದರೆ ಕೇಡಾದೀತೆಂಬ ಭಯ. ಇದೇ ಗುರುತನ್ನು ಮುಂದೆ ಮಾಡಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಟ್ಟದ್ದೂ ಉಂಟು. ಆ ಸಮರ್ಪಣೆಯನ್ನು ಕರ್ನಾಟಕ 1982ರ ಕಾನೂನಿನಲ್ಲೇ ನಿಷೇಧಿಸಿತು. ಜಟೆ ಸಿಕ್ಕುಗಟ್ಟಿದ ಕೂದಲೇ ಹೊರತು ಬೇರೇನಲ್ಲ ಎಂದು ನಾನು ಬಿಚ್ಚಿ ಹೇಳುತ್ತೇನೆ. ಆದರೂ ಮನೆಯವರು ಹಿಡಿದು ಕೂರಿಸಿದರೆ ಕತ್ತರಿ ಮುಟ್ಟುವುದಿಲ್ಲ. ಜಟೆ ಹೊತ್ತ ಆ ಹೆಂಗಸೇ ಹೂಂ ಎನ್ನಬೇಕು. ಒಪ್ಪದಿದ್ದರೆ ನೆತ್ತಿ ತೊಳೆದು, ಹೇನಿದ್ದರೆ ಔಷಧ ಹೇಳಿ, ಬುಡದ ಭಾರ ಇಳಿಯುವಂತೆ ಸಡಿಲವಾಗಿ ಬಟ್ಟೆ ಕಟ್ಟಿ ಕಳಿಸುತ್ತೇನೆ. ಮನಸ್ಸಾದ ದಿನ ಬರಲಿ, ಒಂದು ಜಟೆಯಿಂದಲೇ ಶುರುಮಾಡೋಣ.