ವಾಟ್ಸ್‌ಆ್ಯಪ್‌ನಲ್ಲಿ ಮೂರನೇ ಟಿಕ್ ಇಲ್ಲ

ನಾಳೆಯಿಂದ ಹೊಸ ನಿಯಮವಂತೆ, ಎಲ್ಲರ ಮೆಸೇಜನ್ನೂ ಸರ್ಕಾರ ಓದುತ್ತದಂತೆ, ಮೂರು ಟಿಕ್ ಬಂದರೆ, ಅದರಲ್ಲೊಂದು ಕೆಂಪಾದರೆ ಹುಷಾರಂತೆ. ಚುನಾವಣೆ ಬಂದಾಗ, ಏನಾದರೂ ಗಲಾಟೆ ಎದ್ದಾಗ ಹಾಸನ, ಸಕಲೇಶಪುರದ ಗ್ರೂಪುಗಳಲ್ಲಿ ಈ ವಾಟ್ಸ್‌ಆ್ಯಪ್ ಮೆಸೇಜ್ ಮತ್ತೆ ಓಡಾಡುತ್ತದೆ. ಇದು ಸುಳ್ಳು.

ಒಂದು ಬೂದು ಟಿಕ್ ಎಂದರೆ ಮೆಸೇಜ್ ಹೋಗಿದೆ. ಎರಡು ಬೂದು ಎಂದರೆ ಅವರ ಫೋನಿಗೆ ಮುಟ್ಟಿದೆ. ಎರಡೂ ನೀಲಿಯಾದರೆ ಓದಿದ್ದಾರೆ. ಗ್ರೂಪಿನಲ್ಲಾದರೆ ಎಲ್ಲರೂ ಓದಿದ ಮೇಲಷ್ಟೇ ನೀಲಿ. ಮೂರನೇ ಟಿಕ್, ಕೆಂಪು ಟಿಕ್ ಅನ್ನೋದೇ ಇಲ್ಲ. 2016ರಿಂದ ಇಲ್ಲಿ ಎನ್‌ಕ್ರಿಪ್ಷನ್ ಇದೆ. ಅಂದರೆ ಮೆಸೇಜ್ ಕಳಿಸಿದವರ ಮತ್ತು ಪಡೆದವರ ಫೋನಿನಲ್ಲಿ ಮಾತ್ರ ಓದಲು ಬರುತ್ತದೆ.

ಇದನ್ನು ಹಂಚುವವರು ನಮ್ಮವರಿಗೆ ತೊಂದರೆಯಾಗದಿರಲಿ ಎಂದೇ ಹಂಚುತ್ತಾರೆ. ಆದರೆ ನನಗೆ ಬೇಸರ ಬೇರೆಯದು. ಮಳೆ ಎಷ್ಟು ಇಂಚು ಬಿತ್ತು, ಕಾಫಿಗೆ ಏನು ರೇಟು ಎಂದು ಮಾತಾಡುವ ಗ್ರೂಪಿನಲ್ಲಿ, ಹಾಳಾದ ರಸ್ತೆಯ ಬಗ್ಗೆ ಬರೆಯಲೂ ಜನ ಹೆದರುವಂತಾಗಬಾರದು, ಅಲ್ವಾ?

ನೀವೇ ಪರೀಕ್ಷಿಸಬಹುದು. ‘ನಾಳೆ’ ಎಂದಿದೆ, ತಾರೀಖು ಇದೆಯೇ? ಆದೇಶದ ಸಂಖ್ಯೆ? ಕೇಂದ್ರದ ಕಾಯ್ದೆ, ನಿಯಮಗಳು ರಾಜಪತ್ರದಲ್ಲಿ ಪ್ರಕಟವಾಗುತ್ತವೆ, ಅದು ಆನ್‌ಲೈನಿನಲ್ಲೇ ಸಿಗುತ್ತದೆ. ಮೆಸೇಜಿನ ಒಂದು ಸಾಲನ್ನು ಹಾಗೇ ಗೂಗಲ್‌ನಲ್ಲಿ ಹುಡುಕಿ. ಹಿಂದಿನ ವರ್ಷಗಳಲ್ಲೂ ಅದೇ ‘ನಾಳೆ’ ಬಂದಿದ್ದು ಕಾಣುತ್ತದೆ. ಟಿಕ್‌ಗಳ ಅರ್ಥ ಆ್ಯಪ್‌ನ ಸಹಾಯ ಪುಟದಲ್ಲಿದೆ.

ಹಾಗಂತ ಏನು ಬರೆದರೂ ನಡೆಯುತ್ತದೆ ಎಂದಲ್ಲ. ಬೆದರಿಕೆ ಹಾಕಿದರೆ, ದ್ವೇಷ ಹರಡಿದರೆ ಕೇಸು ಬೀಳಬಹುದು. ಅದಕ್ಕೆ ಯಾವ ಟಿಕ್ಕೂ ಬೇಡ, ಗ್ರೂಪಿನಲ್ಲಿರುವ ಒಬ್ಬರು ಸ್ಕ್ರೀನ್‌ಶಾಟ್ ತೆಗೆದು ದೂರು ಕೊಟ್ಟರೆ ಸಾಕು.