ಉತ್ತರ ಹೇಳಿಬಿಡುವ ಅವಸರ ಯಾಕೆ?

ರಜೆ ಶುರುವಾದ ಕೂಡಲೇ "ಮಕ್ಕಳಿಗೆ ಯಾವ ಸೈನ್ಸ್ ಕಿಟ್ ಕೊಡಿಸಲಿ?" ಅಂತ ಗೆಳೆಯರು ಕೇಳುತ್ತಾರೆ. ಯಾವುದೂ ಬೇಡ ಅನ್ನುವುದೇ ನನ್ನ ಉತ್ತರ. ಡಬ್ಬಿ ಬಿಚ್ಚಿ, ಚೀಟಿಯಲ್ಲಿ ಬರೆದ ಹಾಗೆ ಪುಡಿ ಬೆರೆಸಿ, ಬುಸ್ಸೆಂದು ನೊರೆ ಉಕ್ಕಿದರೆ ಮಗು ಚಪ್ಪಾಳೆ ತಟ್ಟುತ್ತದೆ, ನಿಜ. ಆದರೆ ಏನಾಗಲಿದೆ ಅನ್ನುವುದು ಡಬ್ಬಿಯ ಮೇಲೆ ಚಿತ್ರ ಸಮೇತ ಅಚ್ಚಾಗಿರುತ್ತದೆ. ಊಹಿಸಲು ಏನೂ ಉಳಿದಿರುವುದಿಲ್ಲ. ಊಹಿಸಿ, ಸರಿಯೋ ತಪ್ಪೋ ಅಂತ ತಾನೇ ನೋಡಿ ತಿಳಿಯುವ ಅವಕಾಶ ಇಲ್ಲದ್ದನ್ನು ವಿಜ್ಞಾನ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಅದರ ಬದಲು ಮಕ್ಕಳನ್ನು ಬಿಸಿಲು ಬೀಳುವ ಬಯಲಿಗೆ ಕರೆದುಕೊಂಡು ಹೋಗಿ, ಸಮತಟ್ಟಾದ ನೆಲದಲ್ಲಿ ಒಂದು ಕೋಲು ನೆಡಿಸಿ. ನೆಟ್ಟಗಿದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಅವರೇ ನೋಡಿಕೊಳ್ಳಲಿ. ಬೆಳಿಗ್ಗೆಯಿಂದ ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಒಂದು ಕಲ್ಲು ಇಟ್ಟು, ಅದರ ಮೇಲೆ ಸೀಮೆಸುಣ್ಣದಲ್ಲಿ ಸಮಯ ಬರೆದರಾಯಿತು. ಶುರು ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನೆರಳು ಎಲ್ಲಕ್ಕಿಂತ ಗಿಡ್ಡ ಆಗುವುದು ಎಷ್ಟು ಹೊತ್ತಿಗೆ? 12 ಗಂಟೆಗೆ ಅನ್ನುತ್ತಾರೆ. ದೊಡ್ಡವರೂ ಅದನ್ನೇ ಹೇಳುತ್ತಾರೆ. ಹೆಚ್ಚಿನ ಊರುಗಳಲ್ಲಿ ಹಾಗಾಗುವುದಿಲ್ಲ. ಗಡಿಯಾರದ ಸಮಯ ಇಡೀ ಕಾಲವಲಯಕ್ಕೆ ಒಂದೇ, ಆದರೆ ಸೂರ್ಯ ಒಂದು ಡಿಗ್ರಿ ರೇಖಾಂಶ ದಾಟಲು 4 ನಿಮಿಷ ತೆಗೆದುಕೊಳ್ಳುತ್ತಾನೆ. ಅದರ ಮೇಲೆ, ವರ್ಷದ ಯಾವ ಕಾಲ ಅನ್ನುವುದನ್ನು ಅವಲಂಬಿಸಿ ಸುಮಾರು ಕಾಲು ಗಂಟೆಯವರೆಗೂ ಹಿಂದುಮುಂದಾಗುತ್ತದೆ. ಇದೆಲ್ಲ ನಿಮಗೆ ಗೊತ್ತಿದ್ದರೂ ದಯವಿಟ್ಟು ಸುಮ್ಮನಿರಿ. "12 ಆಯ್ತು, ನೆರಳು ಇನ್ನೂ ಚಿಕ್ಕದಾಗ್ತಾನೇ ಇದೆ!" ಅಂತ ಮಗು ಓಡಿ ಬಂದಾಗ ಹೇಳಿದರೆ ಆ ಮಾತು ಒಳಗಿಳಿಯುತ್ತದೆ.

ಕೋಲಿನ ಬುಡವನ್ನೇ ಕೇಂದ್ರ ಮಾಡಿಕೊಂಡು, ಬೆಳಗಿನ ನೆರಳಿನ ತುದಿಗೆ ತಾಗುವಂತೆ ಒಂದು ವೃತ್ತ ಎಳೆದಿದ್ದರೆ ಇನ್ನೂ ಚೆಂದ. ನೆರಳು ವೃತ್ತದೊಳಗೆ ಸರಿದು, ಮಧ್ಯಾಹ್ನದ ಮೇಲೆ ಬೆಳೆದು ಇನ್ನೊಂದು ಕಡೆ ಮತ್ತೆ ಅಂಚು ಮುಟ್ಟುತ್ತದೆ. ಆ ಎರಡು ಬಿಂದುಗಳನ್ನು ಸೇರಿಸಿದರೆ ಪೂರ್ವ-ಪಶ್ಚಿಮ ಗೆರೆ ಸಿಕ್ಕಿತು. ಯಜ್ಞವೇದಿ ಕಟ್ಟುವ ಅಳತೆಗಳನ್ನು ಹೇಳುವ ಪ್ರಾಚೀನ ಗ್ರಂಥ ಕಾತ್ಯಾಯನ ಶುಲ್ಬಸೂತ್ರದಲ್ಲೇ ಇರುವ ವಿಧಾನ ಇದು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೊಸ್ಥನೀಸ್ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದೂ ನೆರಳಿನಿಂದಲೇ. ಈಜಿಪ್ಟಿನ ಸಯೀನ್‌ನಲ್ಲಿ ಸೂರ್ಯ ನೆತ್ತಿಯ ಮೇಲಿದ್ದಾಗ ಅಲೆಕ್ಸಾಂಡ್ರಿಯಾದಲ್ಲಿ ನೆರಳು ತೋರಿಸಿದ ಕೋನ ಪೂರ್ತಿ ವೃತ್ತದ 50ನೇ ಒಂದು ಭಾಗ. ಹಾಗಾಗಿ ಎರಡು ಊರುಗಳ ನಡುವಿನ ದೂರದ 50 ಪಟ್ಟು ಭೂಮಿಯ ಸುತ್ತಳತೆ. ಗುಣಾಕಾರ ಬರುವ ಮಗುವಿಗೆ ಇದು ಪೂರಾ ಅರ್ಥವಾಗುತ್ತದೆ.

ಬಿಸಿಲು ಏರಿದ ಮೇಲೆ ಮರದ ನೆರಳಲ್ಲಿ ಇರುವೆ ಸಾಲು ಹುಡುಕಿ (ಕಚ್ಚುವ ಜಾತಿಯಾದರೆ ಬಿಟ್ಟುಬಿಡಿ). ಒಂದರ ಹಿಂದೆ ಒಂದು ಹೇಗೆ ಹೋಗುತ್ತವೆ ಅಂತ ಕೇಳಿದರೆ "ಮುಂದಿನದನ್ನು ನೋಡಿಕೊಂಡು" ಅನ್ನುತ್ತಾರೆ. ಒಳ್ಳೆಯ ಊಹೆ. ಪರೀಕ್ಷಿಸೋಣ. ದಾರಿಗೆ ಅಡ್ಡಲಾಗಿ ಒಂದು ಕಾಗದ ಹಾಸಿ, ಅದರ ಮೇಲೂ ಸಾಲು ಸರಾಗವಾಗಿ ಹರಿಯುವವರೆಗೆ ಕಾಯಿರಿ. ಆಮೇಲೆ ಕಾಗದವನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ. ಅಂಚಿಗೆ ಬಂದ ಇರುವೆ ತಟ್ಟನೆ ನಿಲ್ಲುತ್ತದೆ, ಮೀಸೆ ಆಡಿಸುತ್ತದೆ, ಎಡಕ್ಕೆ ಬಲಕ್ಕೆ ಹುಡುಕಾಡುತ್ತದೆ. ಎರಡು ಹೆಜ್ಜೆ ಮುಂದೆ ಇನ್ನೊಂದು ಇರುವೆ ಕಣ್ಣೆದುರೇ ಇದ್ದರೂ ಇದಕ್ಕೆ ದಾರಿ ತಿಳಿಯುವುದಿಲ್ಲ. ಹಾಗಾದರೆ ದಾರಿ ಇರುವುದು ಕಾಗದದ ಮೇಲೆ! ಇರುವೆಗಳು ಬಿಟ್ಟುಹೋಗುವ ವಾಸನೆಯ ಜಾಡಿನ ಮಾತನ್ನು ಆಗ ಎತ್ತಿದರೆ ಸಾಕು.

ಎಲೆಗಳಿರುವ ಒಂದು ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿಟ್ಟರೆ ಕೆಲವು ಗಂಟೆಗಳಲ್ಲಿ ಒಳಗೆ ಹನಿ ಕೂಡುತ್ತದೆ. ಪಕ್ಕದ ಒಣ ರೆಂಬೆಗೂ ಒಂದು ಕಟ್ಟುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ನೀರು ಎಲೆಯಿಂದಲೇ ಬಂತು ಅನ್ನಲು ಆಧಾರವೇ ಇರುವುದಿಲ್ಲ.

ಮಕ್ಕಳು ತಮ್ಮ ಊಹೆಗಳನ್ನು ಪುಸ್ತಕದಲ್ಲಿ ಬರೆದಿಡಲಿ. ತಪ್ಪಾದದ್ದನ್ನು ಅಳಿಸಲು ಬಿಡಬೇಡಿ. ಸೂರ್ಯನನ್ನು ನೇರವಾಗಿ ನೋಡಕೂಡದು ಅನ್ನುವುದನ್ನು ಮಾತ್ರ ಮೊದಲೇ ಖಡಾಖಂಡಿತವಾಗಿ ಹೇಳಿ. ಇದನ್ನು ಪ್ರಯೋಗ ಮಾಡಿ ಕಲಿಯುವಂತಿಲ್ಲ. ಕಲ್ಲು ಇಡುವುದು ಒಂದು ನಿಮಿಷದ ಕೆಲಸ, ಉಳಿದ ಹೊತ್ತು ನೆರಳಲ್ಲಿ ಕೂತು ನೀರು ಕುಡಿಯುತ್ತಿರಲಿ.

ಬರುವ ಭಾನುವಾರ ಯಾರಾದರೂ ನೆರಳು ಅಳೆದರೆ ಊರಿನ ಹೆಸರು ಮತ್ತು ನೆರಳು ತೀರಾ ಗಿಡ್ಡವಾದ ಸಮಯ ನನಗೆ ಬರೆದು ತಿಳಿಸಿ. ಒಂದೇ ದಿನದ ಬೇರೆ ಬೇರೆ ಊರಿನ ಲೆಕ್ಕ ಸಿಕ್ಕರೆ ಎಲ್ಲವನ್ನೂ ಒಟ್ಟು ಮಾಡಿ ಹಾಕುತ್ತೇನೆ. ಗಡಿಯಾರ ಒಂದೇ ಇರುವ ಊರುಗಳಲ್ಲಿ ಯಾವುದಕ್ಕೆ ಮೊದಲು ನಡುಹಗಲು ಬರುತ್ತದೆ ಅಂತ ಮಕ್ಕಳು ಈಗಲೇ ಊಹಿಸಿ ಬರೆದಿಡಲಿ.