ರೊಟೀನ್ ಪೇಪರ್ ಅಂತೆ!

ನಿನ್ನೆ ಸಂಜೆ ಸರಸ್ವತಿಪುರಂನಲ್ಲಿ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಹತ್ತೊಂಬತ್ತನೇ ಶತಮಾನದ ಹುಚ್ಚಾಸ್ಪತ್ರೆಗಳು, ಅವುಗಳ ಸೂಪರಿಂಟೆಂಡೆಂಟರ ಪತ್ರವ್ಯವಹಾರ ಅಂತ ವಿಷಯ. ಆಸ್ಪತ್ರೆ ಆಫೀಸಿನಲ್ಲೇ ತಲೆ ನರೆತ ನನ್ನಂಥವನಿಗೆ ಹಬ್ಬದೂಟ ಅಲ್ವಾ? ಅಧಿಕಾರ ಬಂತು, ವಸಾಹತುಶಾಹಿ ಬಂತು, ಪ್ಯಾರಿಸ್ಸಿನ ತತ್ವಜ್ಞಾನಿಗಳು ಸಾಲಾಗಿ ಬಂದುಹೋದರು. ಕಂಬಳಿ ಬರಲಿಲ್ಲ. ಸೌದೆ ಬರಲಿಲ್ಲ. ಕಾವಲಿನವನ ಸಂಬಳ ಬರಲೇ ಇಲ್ಲ.

ಸ್ವಾಮಿ, ಸೂಪರಿಂಟೆಂಡೆಂಟ್ ಅನ್ನೋನು ದಿನಾ ಹುಚ್ಚಿನ ಮೀಮಾಂಸೆ ಬರೆಯುತ್ತಾ ಕೂರೋಕಾಗುತ್ತಾ? ಮಂಜೂರಾತಿ ಕೇಳಬೇಕು. ಮೇಲಿನಿಂದ ‘ಖರ್ಚು ಜಾಸ್ತಿ’ ಅಂತ ಷರಾ ಬಂದರೆ ಸಮಜಾಯಿಷಿ ಕೊಡಬೇಕು.

ಲಂಡನ್ ಹತ್ತಿರದ ಹ್ಯಾನ್‌ವೆಲ್ ಹುಚ್ಚಾಸ್ಪತ್ರೆಯಲ್ಲಿ ಜಾನ್ ಕೊನೊಲಿ ಅನ್ನೋ ವೈದ್ಯ 1839ರಲ್ಲಿ ರೋಗಿಗಳನ್ನು ಕಟ್ಟಿಹಾಕೋದು ನಿಲ್ಲಿಸಿದ. ಭಾಷಣದಲ್ಲಿ ಅದು ಕರುಣೆಯ ಕಥೆಯಾಯ್ತು. ಸರಿ, ಕಟ್ಟು ಬಿಚ್ಚಿದ ಮೇಲೆ ರಾತ್ರಿಪಾಳಿಗೆ ಯಾರು? ಹಗ್ಗದ ಜಾಗಕ್ಕೆ ಆಳು ಬೇಕು, ಆಳಿಗೆ ಸಂಬಳ ಬೇಕು, ಸಂಬಳಕ್ಕೆ ಕಾಗದ ಬರೀಬೇಕು. ಕರುಣೆಯೂ ಇಂಡೆಂಟ್ ಹಾಕಿಯೇ ಬರೋದು!

ನಮ್ಮ ಕಡೆ, ಮೈಸೂರು ಸೀಮೆಗೆ ಕಬ್ಬನ್ ಕಮಿಷನರ್ ಆಗಿದ್ದಾಗ, ಸರ್ಜನ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಬೆಂಗಳೂರಲ್ಲಿ ಹುಚ್ಚಾಸ್ಪತ್ರೆ ಶುರುಮಾಡಿದ. ಇವತ್ತಿನ ನಿಮ್ಹಾನ್ಸ್‌ನ ಬೇರು ಅಲ್ಲಿದೆ. ಆಮೇಲೆ ಬ್ರಿಟಿಷ್ ಇಂಡಿಯಾಕ್ಕೆ 1858ರ 36ನೇ ಕಾಯ್ದೆ, ಅಂದರೆ ಹುಚ್ಚಾಸ್ಪತ್ರೆಗಳ ಕಾಯ್ದೆ ಬಂತು. ಬೀದಿಯಲ್ಲಿ ಅಲೆಯೋರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸೋದು, ವೈದ್ಯರ ಸರ್ಟಿಫಿಕೇಟು, ಒಳಗೆ. ಹೊರಗೆ ಬಿಡೋಕೆ? ಆಸ್ಪತ್ರೆ ತಪಾಸಣೆಗೆ ಅಂತ ಸರ್ಕಾರ ನೇಮಿಸಿದ ಸಂದರ್ಶಕರಲ್ಲಿ ಮೂವರ ಆದೇಶ ಬೇಕಿತ್ತು. ಒಬ್ಬ ಊರಲ್ಲಿಲ್ಲದಿದ್ದರೆ ಟಪಾಲು ಅಲೀಬೇಕು, ರೋಗಿ ಕಾಯಬೇಕು. ಸರ್ಕಾರಿ ಕಡತ ಹೊತ್ತವನಿಗೆ ಇದನ್ನು ಬಿಡಿಸಿ ಹೇಳಬೇಕಾ?

ಪ್ರಶ್ನೋತ್ತರದಲ್ಲಿ ಕೇಳಿದೆ: “ಡಯಟ್ ಲೆಕ್ಕ ನೋಡಿದ್ರಾ ಸಾರ್?” “ಅವೆಲ್ಲ ರೊಟೀನ್ ಪೇಪರ್ಸ್” ಅಂದರು, ನಗುತ್ತಾ. ರೊಟೀನಂತೆ!

ಆ ಕಾಗದಗಳಲ್ಲಿರೋದು ಅಧಿಕಾರಿಯ ದನಿ, ರೋಗಿಯದಲ್ಲ ಅನ್ನೋರಿದ್ದಾರೆ. ಒಪ್ಪಿದೆ. ತನ್ನ ಬೆನ್ನು ತಾನೇ ತಟ್ಟಿಕೊಳ್ಳದ ಮೇಲಧಿಕಾರಿ ನನಗಂತೂ ಸಿಕ್ಕಿಲ್ಲ. ಆದರೆ ರೋಗಿಯ ತಟ್ಟೆಗೆ ಏನು ಬಿತ್ತು, ಚಳಿಗೆ ಏನು ಹೊದ್ದ ಅನ್ನೋದು ದೊಡ್ಡ ವರದಿಯ ಮುನ್ನುಡಿಯಲ್ಲಿ ಸಿಗಲ್ಲ, ವೋಚರಿನಲ್ಲಿ ಸಿಗುತ್ತೆ. ಮುನ್ನುಡಿ ಓದಿ ಪಿಎಚ್‌ಡಿ ತಗೊಳ್ಳಿ, ಬೇಡ ಅಂದೋರ್ಯಾರು.

ಬರೀಬಾರದು ಅಂದ್ಕೊಂಡಿದ್ದೆ, ಬರೀತೀನಿ. ನಮ್ಮ ದೊಡ್ಡಪ್ಪನನ್ನು ಮಂಡ್ಯದ ಹಳ್ಳಿಯಿಂದ ಅಂಥದ್ದೇ ಒಂದು ಆಸ್ಪತ್ರೆಗೆ ಸೇರಿಸಿದ್ದರು. “ಗುಣವಾಗಿದ್ದಾರೆ, ಬಂದು ಕರೆದುಕೊಂಡು ಹೋಗತಕ್ಕದ್ದು” ಅಂತ ಕಾಗದ ಬಂತು. ಯಾರೂ ಹೋಗಲಿಲ್ಲ. ನಾಲೆ ಪಕ್ಕದ ಗದ್ದೆಯಲ್ಲಿ ಅವರದೂ ಪಾಲಿತ್ತು. ಜ್ಞಾಪನಾಪತ್ರ ಬಂತು, ಅದರ ಮೇಲೆ ಇನ್ನೊಂದು. ಯಾವನೋ ಗುಮಾಸ್ತ ನಂಬರು, ತಾರೀಖು ಹಾಕಿ, ಹಿಂದಿನ ಪತ್ರ ಉಲ್ಲೇಖಿಸಿ, ಬಿಡದೆ ಬರೆದಿದ್ದಾನೆ. ಅಷ್ಟೊಂದು ರೊಟೀನ್ ಆಗಿದ್ದರೆ ನಮ್ಮಪ್ಪ ಅವನ್ನು ಪಹಣಿ ಕಟ್ಟಿನ ಅಡಿಯಲ್ಲಿ ಬಚ್ಚಿಟ್ಟಿದ್ದು ಯಾಕೆ?